ಹುಲಿಗೆಮ್ಮನ ಮುಡಿಪು

ತಾವರಗೇರಾ
12 ಜುಲೈ 2025

ನೇತ್ರಾ,

ಮನೆ ಮುಟ್ಟಿದ್ದೇನೆ. ಬ್ಯಾಗು ಹರಿದಿದೆ, ನಾನು ಹರಿದಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಕೋಣೆಯೇ ಇಲ್ಲ. ಫೋನು ಕಿವಿಗೆ ಹಿಡಿದರೆ ಸಾಕು, ನಮ್ಮವ್ವ ಕಾಳು ಹಸನು ಮಾಡುವ ಮೊರ ಹಿಡಿದುಕೊಂಡು ಪಕ್ಕದಲ್ಲೇ ಬಂದು ಕೂರುತ್ತಾಳೆ. ಅದಕ್ಕೇ ಈ ಮೇಲ್. ಮೇಲ್ ಓದಲು ಅವಳಿಗೆ ಬರುವುದಿಲ್ಲ, ಪುಣ್ಯ.

ಬಂದ ದಿನದಿಂದ ಓಣಿಯವರೆಲ್ಲ ಕೈ ಚಾಚಿಕೊಂಡು ನಾಡಿ ತೋರಿಸಲು ಬರುತ್ತಿದ್ದಾರೆ. ಹೊರದೇಶದಲ್ಲಿ ಓದಿ ಬಂದವರು ಇಲ್ಲಿಯ ಪರೀಕ್ಷೆ ಪಾಸಾಗುವ ತನಕ ಡಾಕ್ಟರ್ ಅಲ್ಲ ಎಂದು ಬಡಕೊಂಡರೂ ಯಾರು ಕೇಳುತ್ತಾರೆ? ನಾನು ಓದಬೇಕಾದದ್ದು ಬೆಟ್ಟದಷ್ಟಿದೆ. ಪುಸ್ತಕ ತೆಗೆದರೆ ನೀನೇ ಕಣ್ಣ ಮುಂದೆ ಬರುತ್ತೀ.

ನಿಮ್ಮಣ್ಣ ಹನುಮೇಶ ದಿನವೂ ಫೋನ್ ಮಾಡುತ್ತಿದ್ದಾನೆ. ‘ಅಕ್ಕಾರ, ತಳಕಲ್ಲಿಗೆ ಯಾವಾಗ ಬರ್ತೀರಿ, ಅವ್ವ ಹಾದಿ ನೋಡಾಕತ್ತಾಳ’ ಎನ್ನುತ್ತಾನೆ. ನೀನು ಕಳಿಸಿದ ಚಾದರ, ಒಣಹಣ್ಣು ಎಲ್ಲ ಕೊಡಬೇಕು, ಹೋಗದೆ ಗತ್ಯಂತರವಿಲ್ಲ. ಆದರೆ ಹೋಗಿ ಏನು ಹೇಳಲಿ? ಎರಡು ವರ್ಷದಿಂದ ನೀನು ಕಾಲೇಜಿನ ಮೆಟ್ಟಿಲು ಹತ್ತಿಲ್ಲ, ಸಾದಿಕಣ್ಣನ ಮೆಸ್‌ನಲ್ಲಿ ಹುಡುಗರಿಗೆ ಚಪಾತಿ ಬೇಯಿಸುತ್ತಿದ್ದೀ ಎಂದು ಹೇಳಬೇಡ ಅಂತ ವಿಮಾನ ನಿಲ್ದಾಣದಲ್ಲಿ ಕೈ ಹಿಡಿದು ಮಾತು ತೆಗೆದುಕೊಂಡೆ. ಏನು ಹೇಳಬಾರದು ಎಂದು ಗೊತ್ತಾಯಿತು. ಏನು ಹೇಳಬೇಕು ಅನ್ನುವುದನ್ನು ನೀನು ಹೇಳಲೇ ಇಲ್ಲ. ನನಗೆ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ, ನಿನಗೆ ಗೊತ್ತಲ್ಲ.

ಬೇಗ ಬರಿ.

ಅನ್ನಪೂರ್ಣ


ಬಿಷ್ಕೆಕ್
14 ಜುಲೈ 2025

ಡಾಕ್ಟರ್ ಅನ್ನಪೂರ್ಣಮ್ಮನವರ ಪಾದಗಳಿಗೆ ಅಡ್ಡಬಿದ್ದೆ,

ಬಾಯಿ ತೆಗೆದರೆ ತಾವರಗೇರಾ ಸಂತೆಯ ಹಾಗೆ ಗದ್ದಲ ಮಾಡುವವಳು ಬರೆಯಲು ಕೂತರೆ ಮಾತ್ರ ಪೇಪರಿನವರ ಹಾಗೆ ಬರೆಯುತ್ತೀಯಲ್ಲ! ಇರಲಿ. ನಾನೂ ಹಾಗೇ ಬರೆಯುತ್ತೇನೆ. ನಿನಗಿಂತ ಕನ್ನಡದಲ್ಲಿ ನನಗೇ ಹೆಚ್ಚು ಮಾರ್ಕ್ಸ್ ಬಂದಿತ್ತು, ಮರೆಯಬೇಡ.

ನೀನು ಹೋದ ಮೇಲೆ ಕೋಣೆಯಲ್ಲಿ ಇರಲು ಆಗುತ್ತಿಲ್ಲ. ನಿನ್ನ ಹಾಸಿಗೆಯ ಮೇಲೆ ಒಬ್ಬಳು ರಾಜಸ್ಥಾನದ ಹುಡುಗಿ ಬಂದಿದ್ದಾಳೆ. ಗುರೆಳ್ಳು ಚಟ್ನಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾಳೆ. ಮೊದಲ ಸಲ ಇಲ್ಲಿಗೆ ಬರುವಾಗ ದೆಹಲಿ ವಿಮಾನ ನಿಲ್ದಾಣದಲ್ಲಿ ಬ್ಯಾಗಿನ ತೂಕ ಹೆಚ್ಚಾಯಿತೆಂದು ನಾನು ಚಟ್ನಿಯ ಚೀಲ ತೆಗೆಯುವಾಗ ಪಕ್ಕದ ಸಾಲಿನಲ್ಲಿ ನೀನೂ ಅದನ್ನೇ ತೆಗೆಯುತ್ತಿದ್ದೆ. ಅಲ್ಲೇ ನೆಲದ ಮೇಲೆ ಕೂತು ಇಬ್ಬರೂ ರೊಟ್ಟಿ ಖಾಲಿ ಮಾಡಿದೆವು. ಒಂದೇ ಜಿಲ್ಲೆಯ ಇಬ್ಬರು ಭೇಟಿಯಾಗಲು ದೆಹಲಿಗೆ ಹೋಗಬೇಕಾಯಿತು ನೋಡು. ಅವತ್ತು ನೀನು ಸಿಗದಿದ್ದರೆ ನಾನು ವಿಮಾನ ಹತ್ತುತ್ತಿರಲಿಲ್ಲ. ಹತ್ತದಿದ್ದರೇ ಒಳ್ಳೆಯದಿತ್ತೇನೋ.

ಹೇಳಬೇಕಾದದ್ದು ಇಷ್ಟೇ. ನೇತ್ರಾಗೆ ಎರಡು ವಿಷಯ ಉಳಿದಿವೆ, ಅದಕ್ಕೇ ತಡವಾಗಿದೆ, ಮುಂದಿನ ಬೇಸಿಗೆಗೆ ಬರುತ್ತಾಳೆ. ಹೆಚ್ಚು ಕೇಳಿದರೆ ನೀರು ಕುಡಿ. ಅವ್ವ ಮುಗ್ಧೆ, ನಂಬುತ್ತಾಳೆ. ವಿಡಿಯೋ ಕಾಲ್ ಮಾಡುವಾಗ ನಾನು ಮೆಸ್‌ನ ಸ್ಟೋರಿಗೆ ಹೋಗಿ ಬಿಳಿ ಕೋಟು ಹಾಕಿಕೊಳ್ಳುತ್ತೇನೆ, ನಿನಗೆ ಗೊತ್ತೇ ಇದೆ. ಹಿಂದಿನ ಹಿಟ್ಟಿನ ಚೀಲಗಳು ಕಾಣದ ಹಾಗೆ ಫೋನು ಹಿಡಿಯುವುದನ್ನು ಕಲಿತಿದ್ದೇನೆ. ಫಾರ್ಮಕಾಲಜಿ ಕಲಿಯಲಾಗಲಿಲ್ಲ, ಇದನ್ನು ಕಲಿತೆ.

ಬಿಸಿಯೂಟದ ಅಡಿಗೆ ಮಾಡುವ ಹೆಂಗಸು ಮಗಳನ್ನು ಡಾಕ್ಟರ್ ಓದಿಸುತ್ತಿದ್ದಾಳೆಂದು ಊರೆಲ್ಲ ಮಾತಾಡುತ್ತದೆ. ಹನುಮೇಶ ಬಸ್ಸಿನಲ್ಲಿ ಟಿಕೆಟ್ ಹರಿದು ಕೊಡುವಾಗಲೂ ತಂಗಿಯ ಸುದ್ದಿ ತೆಗೆಯುತ್ತಾನಂತೆ. ಕಾಲೇಜಿನವರು ನನ್ನ ಹೆಸರು ತೆಗೆದರು ಎಂದು ಇವರಿಗೆ ಯಾವ ಬಾಯಿಂದ ಹೇಳಲಿ? ಹೇಳುತ್ತೇನೆ, ದೀಪಾವಳಿಗೆ ಖಂಡಿತ ಹೇಳುತ್ತೇನೆ.

ಅವ್ವ ಹೇಗಿದ್ದಾಳೆ ನೋಡಿ ಬರಿ. ವಿಡಿಯೋದಲ್ಲಿ ಸ್ವಲ್ಪ ಸೊರಗಿದ ಹಾಗೆ ಕಾಣುತ್ತಾಳೆ.

ನೇತ್ರಾ


(ಬರೆದು ಕಳುಹಿಸದೆ ಉಳಿಸಿದ್ದು)

ತಾವರಗೇರಾ
28 ಜುಲೈ 2025

ನೇತ್ರಾ,

ಇದನ್ನು ನಿನಗೆ ಕಳುಹಿಸುವ ಹಾಗಿಲ್ಲ. ಆದರೂ ಬರೆಯದೆ ಇರಲು ಆಗುತ್ತಿಲ್ಲ.

ನಿನ್ನೆ ರೊಟ್ಟಿ ಪಂಚಮಿಗೆ ತಳಕಲ್ಲಿಗೆ ಹೋಗಿದ್ದೆ. ನಿಮ್ಮವ್ವ ಸಜ್ಜೆ ರೊಟ್ಟಿ, ಪಲ್ಯ, ಚಟ್ನಿಗಳನ್ನು ಮೊರದಲ್ಲಿ ಜೋಡಿಸಿಕೊಂಡು ಮನೆ ಮನೆಗೆ ಬೀರಲು ಹೊರಟಳು, ನನ್ನನ್ನೂ ಕರೆದುಕೊಂಡು. ಪ್ರತಿ ಹೊಸ್ತಿಲಲ್ಲೂ ‘ಇಕಿ ನಮ್ಮ ನೇತ್ರಾನ ಗೆಳತಿ, ಡಾಕ್ಟರ್ ಆಗಿ ಬಂದಾಳ, ನಮ್ಮಾಕಿ ಹಿಂದಿಂದ ಬರ್ತಾಳ’ ಎಂದು ಹೇಳಿದಳು. ನಾನು ತಲೆ ಅಲ್ಲಾಡಿಸಿದೆ. ಕಿವಿ ಸುಡುತ್ತಿತ್ತು.

ಮನೆಗೆ ಬಂದು ಬಾಗಿಲು ಮುಂದೆ ಎಳೆದು ನನ್ನನ್ನು ಒಳಗೆ ಜೋಳದ ಚೀಲಗಳ ಹಿಂದೆ ಕರೆದಳು. ಕುಪ್ಪಸ ಬಿಚ್ಚಿ ಎಡ ಎದೆ ತೋರಿಸಿದಳು. ಅಲ್ಲಿ ಗಂಟಿದೆ, ನೇತ್ರಾ. ಕಣ್ಣಿಗೇ ಕಾಣುವಷ್ಟು ದೊಡ್ಡದು. ಅದರ ಮೇಲಿನ ಚರ್ಮ ಒಳಕ್ಕೆ ಸೆಳೆದುಕೊಂಡಿದೆ. ಬೇವಿನ ಎಲೆ ಅರೆದು ಹಚ್ಚಿದ ಹಸಿರು ಕಲೆ ಇತ್ತು. ಹೋಳಿ ಹುಣ್ಣಿಮೆಗೆ ಮೊದಲೇ ಬಂದದ್ದಂತೆ.

ನಾನು ಮುಟ್ಟಿ ನೋಡಲು ಕೈ ಚಾಚಿದೆ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

‘ಮುಟ್ಟಬ್ಯಾಡವ. ನೋಡಷ್ಟ. ನನ್ನ ಮಗಳು ಡಾಕ್ಟರ್ ಆಗಿ ಬರೂತನಕ ಯಾ ಡಾಕ್ಟರಗೂ ಮೈ ತೋರಸಾಂಗಿಲ್ಲ, ಆಕಿ ಕೈನ ಮೊದಲ ಬೀಳಬೇಕು ಅಂತ ಹುಲಿಗೆಮ್ಮಗ ಬೇಡ್ಕೊಂಡೀನಿ.’

ನೀನು ವಿಮಾನ ಹತ್ತುವ ಮುಂಚೆ ಹುಲಿಗಿಯ ಗುಡಿಗೆ ಹೋಗಿ ಹರಕೆ ಹೊತ್ತಳಂತೆ. ಅಂದಿನಿಂದ ಜ್ವರ ಬಂದರೂ ಹಲ್ಲು ನೋವಾದರೂ ಆಸ್ಪತ್ರೆಯ ಕಡೆ ಮುಖ ಮಾಡಿಲ್ಲ. ಜನ ಕಾಸನ್ನು ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಹರಕೆ ತೀರುವ ತನಕ ಯಾರೂ ಮುಟ್ಟದ ಹಾಗೆ ದೇವರ ಜಗಲಿಯ ಮೇಲೆ ಇಡುತ್ತಾರಲ್ಲ, ನಿಮ್ಮವ್ವ ತನ್ನ ಮೈಯನ್ನೇ ಹಾಗೆ ಕಟ್ಟಿಟ್ಟಿದ್ದಾಳೆ. ಹರಕೆ ಮುರಿದರೆ ನಿನ್ನ ಓದು ಕೆಡುತ್ತದೆಯಂತೆ. ಯಾವ ಓದು, ನೇತ್ರಾ!

ದೊಡ್ಡವ್ವಾ, ಇದು ಕಾಯುವಂಥದ್ದಲ್ಲ, ನಾಳೆಯೇ ಹುಬ್ಬಳ್ಳಿಗೆ ಹೋಗೋಣ ಎಂದೆ. ಕಾಲು ಹಿಡಿದೆ. ಅವಳು ನಗುತ್ತ ಇಷ್ಟು ದಿನ ತಡೆದವಳಿಗೆ ಇನ್ನಷ್ಟು ದಿನ ಏನು ದೊಡ್ಡದು ಎಂದಳು. ಆಮೇಲೆ ಜಗಲಿಯಿಂದ ದೇವಿಯ ಅರಿಸಿನದ, ಭಂಡಾರದ ಬಟ್ಟಲು ತಂದು ನನ್ನ ಅಂಗೈಗೆ ಒಂದು ಚಿಟಿಕೆ ಹಾಕಿ ಮುಷ್ಟಿ ಮುಚ್ಚಿಸಿ ಆಣೆ ಮಾಡಿಸಿದಳು. ‘ನೇತ್ರಾಗ ಹೇಳಬ್ಯಾಡ. ಹೇಳಿದ್ರ ಪರೀಕ್ಷಿ ಬಿಟ್ಟು ಓಡಿ ಬರ್ತಾಳ.’

ಇಲ್ಲದ ಪರೀಕ್ಷೆಗಾಗಿ ಅವಳು ಕಾಯುತ್ತಿದ್ದಾಳೆ. ಪರೀಕ್ಷೆ ಇಲ್ಲ ಎಂದು ಹೇಳಿದರೆ ನಿನಗೆ ಕೊಟ್ಟ ಮಾತು ಹೋಗುತ್ತದೆ. ಗಂಟಿನ ವಿಷಯ ನಿನಗೆ ಹೇಳಿದರೆ ಅವಳಿಗೆ ಕೊಟ್ಟ ಆಣೆ ಹೋಗುತ್ತದೆ. ನೀವಿಬ್ಬರೂ ಸೇರಿ ನನ್ನ ಬಾಯಿ ಹೊಲಿದುಬಿಟ್ಟಿದ್ದೀರಿ. ನನಗೆ ಸಿಟ್ಟು ಬರುತ್ತಿದೆ, ಅಳುವೂ ಬರುತ್ತಿದೆ.


ತಾವರಗೇರಾ
28 ಜುಲೈ 2025

ನೇತ್ರಾ,

ತಳಕಲ್ಲಿಗೆ ಹೋಗಿ ಬಂದೆ. ಚಾದರ ನಿಮ್ಮವ್ವನಿಗೆ ಬಹಳ ಹಿಡಿಸಿತು. ರೊಟ್ಟಿ ಹೊಟ್ಟೆ ಬಿರಿಯುವಷ್ಟು ತಿನ್ನಿಸಿದಳು. ನೀನು ಹೇಳಿಕೊಟ್ಟದ್ದನ್ನೇ ಹೇಳಿದೆ, ನಂಬಿದಳು.

ಸ್ವಲ್ಪ ಸೊರಗಿದ್ದಾಳೆ. ನೀನು ಒಮ್ಮೆ ಬಂದು ಹೋಗುವುದು ಒಳ್ಳೆಯದು. ದೀಪಾವಳಿಯ ತನಕ ಕಾಯಬೇಡ, ಈಗಲೇ ಬಾ. ಯಾಕೆ ಎಂದು ಕೇಳಬೇಡ, ಸುಮ್ಮನೆ ಬಾ.

ಅನ್ನಪೂರ್ಣ


ಬಿಷ್ಕೆಕ್
3 ಆಗಸ್ಟ್ 2025

ಅನ್ನಪೂರ್ಣಾ,

ನಿನ್ನ ಪತ್ರ ಓದಿದೆ. ಖರೆ ಹೇಳು, ಬಾಯಿಬಿಟ್ಟೆಯಾ?

ನೀನು ಹೋಗಿ ಬಂದ ಮೇಲೆ ಅವ್ವ ಬದಲಾಗಿದ್ದಾಳೆ. ಮುಂಚೆ ಉಂಡೆಯಾ, ಥಂಡಿ ಇದೆಯಾ ಎಂದು ಕೇಳಿ ಫೋನು ಇಡುತ್ತಿದ್ದಳು. ಈಗ ದಿನಾ ‘ಇನ್ನೆಷ್ಟು ಉಳದೈತಿ’ ಎಂದು ಕೇಳುತ್ತಾಳೆ. ಮೊನ್ನೆ ‘ನಿನ್ನ ಕೈ ತೋರಸು, ನೋಡ್ತೀನಿ’ ಎಂದಳು. ಬೆರಳ ತುಂಬ ಹಂಚಿನ ಸುಟ್ಟ ಕಲೆಗಳಿವೆ. ಕೈಯನ್ನು ಕೋಟಿನ ಕಿಸೆಗೆ ತುರುಕಿ ನೆಟ್‌ವರ್ಕ್ ಇಲ್ಲ ಎಂದು ಕಟ್ ಮಾಡಿದೆ. ಡಾಕ್ಟರ್ ಓದುವ ಮಗಳ ಕೈ ನೋಡುವ ಆಸೆ ಒಮ್ಮಿಂದೊಮ್ಮೆಲೇ ಯಾಕೆ ಬರಬೇಕು? ನಾನು ಅಡಿಗೆ ಮಾಡುತ್ತೇನೆಂದು ಯಾರೋ ಹೇಳಿರಬೇಕು. ಆ ಯಾರೋ ನೀನಲ್ಲದೆ ಇನ್ಯಾರು?

ಈಗಲೇ ಬಾ ಎನ್ನುತ್ತೀ. ಬಂದರೆ ಏನು ಕಾದಿದೆ? ಅಣ್ಣನನ್ನು, ಓಣಿಯವರನ್ನು ಸೇರಿಸಿ ನನ್ನನ್ನು ನಡುವೆ ನಿಲ್ಲಿಸುವ ವಿಚಾರ ಮಾಡಿದ್ದೀರೇನು?

ನೇತ್ರಾ


ತಾವರಗೇರಾ
5 ಆಗಸ್ಟ್ 2025

ನೇತ್ರಾ,

ನಾನು ಏನೂ ಹೇಳಿಲ್ಲ. ನಮ್ಮವ್ವನ ಮೇಲೆ ಆಣೆ. ನಿನ್ನ ಕೈ ಕೇಳಿದ್ದಕ್ಕೆ ಕಾರಣ ಬೇರೆ ಇದೆ, ಅದನ್ನು ನಾನು ಹೇಳುವ ಹಾಗಿಲ್ಲ.

ನಿನ್ನೆ ಮತ್ತೆ ತಳಕಲ್ಲಿಗೆ ಹೋಗಿದ್ದೆ. ಯಲಬುರ್ಗಾದಲ್ಲಿ ಹೆಂಗಸರಿಗಾಗಿ ತಪಾಸಣೆಯ ಕ್ಯಾಂಪ್ ಇತ್ತು, ನಿಮ್ಮವ್ವನನ್ನು ಕರೆದೆ, ಬರಲಿಲ್ಲ. ಬಿಸಿಯೂಟದ ಅಡಿಗೆ ಬಿಟ್ಟು ಬರಲಾಗದು ಎಂದು ನೆವ ಹೇಳಿದಳು. ಇದಕ್ಕಿಂತ ಹೆಚ್ಚು ಬರೆಯಲಾರೆ. ನೀನು ಬುದ್ಧಿವಂತೆ, ತಿಳಿದುಕೋ. ನಿನ್ನ ಕಾಲಿಗೆ ಬೀಳುತ್ತೇನೆ, ಬಾ.

ಅನ್ನಪೂರ್ಣ


ಬಿಷ್ಕೆಕ್
8 ಆಗಸ್ಟ್ 2025

ಅನ್ನಪೂರ್ಣಾ,

ತಿಳಿದುಕೊಂಡೆ. ನನ್ನ ಮನೆಗೆ ಮೇಲಿಂದ ಮೇಲೆ ಹೋಗಿ, ನಮ್ಮವ್ವನನ್ನು ಕ್ಯಾಂಪಿಗೆ ಕರೆದು, ನಾನು ಮಾಡದ ಡಾಕ್ಟರಿಕೆಯನ್ನು ನೀನು ಮಾಡಿ ತೋರಿಸುತ್ತಿದ್ದೀ. ಓಣಿಯ ಹೆಂಗಸರೆಲ್ಲ ‘ಗೆಳತಿ ಬಂದಳು, ಮಗಳು ಯಾಕ ಬರಲಿಲ್ಲ’ ಎಂದು ಕೇಳುತ್ತಿದ್ದಾರಂತೆ. ಹನುಮೇಶನೇ ಹೇಳಿದ. ನೀನು ಹೋದಷ್ಟು ಸಲವೂ ನಾನು ಸಣ್ಣವಳಾಗುತ್ತೇನೆ. ಅದು ನಿನಗೆ ಗೊತ್ತಾಗುವುದಿಲ್ಲವೇನು?

ನೀನು ಪಾಸಾದೆ, ನಾನು ಆಗಲಿಲ್ಲ. ರಾತ್ರಿಯೆಲ್ಲ ನನ್ನ ಪಕ್ಕ ಕೂತು ಪಾಠ ಹೇಳಿಕೊಟ್ಟೆ, ಅದನ್ನು ಮರೆತಿಲ್ಲ. ಆದರೆ ನಮ್ಮವ್ವನನ್ನು ನನ್ನ ಪಾಲಿಗೆ ಬಿಡು. ಇನ್ನು ತಳಕಲ್ಲಿಗೆ ಹೋಗಬೇಡ. ನನಗೂ ಬರೆಯಬೇಡ.

ನೇತ್ರಾ


ತಾವರಗೇರಾ
24 ಆಗಸ್ಟ್ 2025

ನೇತ್ರಾ,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಹೋಗಬೇಡ ಎಂದೆ, ನಿನ್ನೆ ಹೋಗಿದ್ದೆ. ನಿನ್ನ ಸಿಟ್ಟು ನನ್ನ ತಲೆಯ ಮೇಲಿರಲಿ.

ಪಂಚಮಿಯ ಮರುದಿನ ಬರೆದು ನಿನಗೆ ಕಳುಹಿಸದೆ ಇಟ್ಟುಕೊಂಡಿದ್ದ ಪತ್ರವನ್ನು ಇದರ ಕೆಳಗೆ ಹಾಕಿದ್ದೇನೆ. ಮೊದಲು ಅದನ್ನು ಓದು. ಓದಿ ಇಲ್ಲಿಗೆ ಬಾ.

ಓದಿದೆಯಾ? ಈಗ ಉಳಿದದ್ದು ಕೇಳು. ನಿನ್ನೆ ನೋಡಿದಾಗ ಕಂಕುಳಲ್ಲೂ ಬಾವು ಕಾಣುತ್ತಿತ್ತು. ಎಡಗೈ ಎತ್ತಲು ಆಗುತ್ತಿಲ್ಲ, ಬಲಗೈಯಿಂದಲೇ ಅನ್ನದ ಡಬರಿ ಇಳಿಸುತ್ತಾಳಂತೆ. ಇಷ್ಟು ದಿನ ನಾನು ಯಾಕೆ ಬಾಯಿ ಮುಚ್ಚಿಕೊಂಡು ಕೂತೆ? ಭಂಡಾರಕ್ಕೆ ಹೆದರಿದೆ. ನಿನ್ನ ಸಿಟ್ಟಿಗೂ ಹೆದರಿದೆ. ಆಣೆ ಮುರಿದಿದ್ದೇನೆ, ಹುಲಿಗೆಮ್ಮ ನನಗೆ ಏನು ಮಾಡುತ್ತಾಳೋ ಮಾಡಲಿ.

ನಿನ್ನ ಕೈ ಯಾಕೆ ಕೇಳಿದಳು ಎಂದು ಈಗ ತಿಳಿಯಿತಲ್ಲ.

ನಿಮ್ಮವ್ವ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ, ನಿನ್ನ ಮಾತೊಂದೇ ಕೇಳುತ್ತಾಳೆ. ಖರೆ ಹೇಳಲು ಆಗದಿದ್ದರೆ ಸುಳ್ಳೇ ಹೇಳು. ಕೋಟು ಹಾಕಿಕೋ, ವಿಡಿಯೋದಲ್ಲೇ ನೋಡಿದ ಹಾಗೆ ಮಾಡು, ಮೊದಲು ನೋಡಿದವಳು ನಾನೇ, ಹರಕೆ ತೀರಿತು, ಈಗ ಅನ್ನಪೂರ್ಣನ ಜೊತೆ ಹುಬ್ಬಳ್ಳಿಗೆ ಹೋಗು ಎಂದು ಡಾಕ್ಟರ್ ಆಗಿಯೇ ಹೇಳು. ನಾನು ಸಾಯುವ ತನಕ ಯಾರಿಗೂ ಹೇಳುವುದಿಲ್ಲ. ನನಗೆ ನಿಮ್ಮವ್ವ ಬದುಕಬೇಕು, ಅಷ್ಟೇ.

ಅನ್ನಪೂರ್ಣ


ತಾವರಗೇರಾ
29 ಆಗಸ್ಟ್ 2025

ನೇತ್ರಾ,

ಉತ್ತರವಿಲ್ಲ. ಫೋನು ಸ್ವಿಚ್ ಆಫ್. ಸಾದಿಕಣ್ಣನಿಗೆ ಹಚ್ಚಿದರೆ ಅವನೂ ಎತ್ತುತ್ತಿಲ್ಲ.

ನಿಮ್ಮವ್ವ ಸಾಲಿಯ ಬಿಸಿಯೂಟದ ಅಡಿಗೆಗೆ ಹೋಗುತ್ತಿಲ್ಲವಂತೆ. ನಾನು ಹೋದರೆ ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ ‘ಹೋಗವ ನೀನು’ ಎಂದಳು. ಅಷ್ಟು ಪ್ರೀತಿಯಿಂದ ರೊಟ್ಟಿ ತಿನ್ನಿಸಿದವಳು. ಹನುಮೇಶನಿಗೂ ಏನೂ ತಿಳಿಯುತ್ತಿಲ್ಲ, ಅವನ ದನಿಯಲ್ಲೂ ಗಾಬರಿ ಇದೆ.

ಏನು ಮಾಡಿದೆ ನೀನು? ಅವಳಿಗೆ ಏನೋ ಹೇಳಿ ಕೈ ತೊಳೆದುಕೊಂಡು ಎಲ್ಲಿಗೆ ಓಡಿದೆ? ಎರಡು ವರ್ಷ ಬಚ್ಚಿಟ್ಟುಕೊಂಡವಳು ಮತ್ತೆ ಬಚ್ಚಿಟ್ಟುಕೊಂಡಳೆಂದು ನನಗೆ ಅನಿಸುತ್ತಿದೆ. ಹಾಗಿದ್ದರೆ ನಾನು ನಿನ್ನ ಗೆಳತಿಯಲ್ಲ. ಇಲ್ಲ, ಅದು ಸುಳ್ಳು, ಗೆಳತಿಯೇ. ಆದರೆ ಕ್ಷಮಿಸುವುದಿಲ್ಲ.

ನಾನು ನಾಡಿದ್ದು ಪರೀಕ್ಷೆಯ ಕೋಚಿಂಗಿಗೆ ದೆಹಲಿಗೆ ಹೋಗಬೇಕು. ಹೋಗಲೋ ಬೇಡವೋ ತಿಳಿಯುತ್ತಿಲ್ಲ. ಎಲ್ಲಿದ್ದರೂ ಒಂದು ಸಾಲು ಬರಿ.

ಅನ್ನಪೂರ್ಣ


ಹುಬ್ಬಳ್ಳಿ
9 ಸೆಪ್ಟೆಂಬರ್ 2025

ಅನ್ನಪೂರ್ಣಾ,

ನಾನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದೇನೆ. ಅವ್ವ ಒಳಗೆ ಮಂಚದ ಮೇಲೆ ಮಲಗಿದ್ದಾಳೆ. ನಿನ್ನೆ ಸೂಜಿ ಹಾಕಿ ಗಂಟಿನ ಚೂರು ತೆಗೆದಿದ್ದಾರೆ, ಸ್ಕ್ಯಾನಿಂಗ್ ಆಗಿದೆ, ವರದಿ ಬಂದಿಲ್ಲ. ಹನುಮೇಶ ವರಾಂಡದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾನೆ. ನನ್ನನ್ನು ಬೈಯುವಷ್ಟು ಬೈದು ಸುಸ್ತಾಗಿದ್ದಾನೆ.

ನಿನ್ನ ಆ ಪತ್ರ, ಅದರ ಕೆಳಗೆ ಹಾಕಿದ್ದ ಹಳೆಯದು ಎರಡನ್ನೂ ಒಟ್ಟಿಗೆ ಓದಿದ ದಿನ ನೀನು ಹೇಳಿದ ಹಾಗೆಯೇ ಕೋಟು ಹಾಕಿಕೊಂಡೆ. ವಿಡಿಯೋ ಹಚ್ಚಿದೆ. ‘ಯವ್ವಾ, ಎದೀಗೆ ಏನಾಗೇತಿ, ತೋರಸು’ ಎಂದೆ. ಅವಳಿಗೆ ನಿನ್ನ ಮೇಲೆ ಸಿಟ್ಟು ಬಂತು, ನೀನೇ ಹೇಳಿದೆ ಎಂದು ಗೊತ್ತಾಯಿತು. ಆಮೇಲೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಆಸ್ಪತ್ರೆಯಲ್ಲಿ ಡಾಕ್ಟರ್ ಮುಂದೆ ಕೂರುವ ಹಾಗೆ. ನನ್ನನ್ನು ‘ನೀವು’ ಎಂದಳು, ಅನ್ನಪೂರ್ಣಾ. ‘ನೋಡ್ರಿ ಡಾಕ್ಟರವ್ವಾರ’ ಎಂದು ನಗುತ್ತ ಹೇಳಿದಳು. ಅದನ್ನು ಕೇಳಿದ ಮೇಲೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಕೋಟು ತೆಗೆದೆ. ಫೋನು ತಿರುಗಿಸಿ ಹಿಟ್ಟಿನ ಚೀಲ, ಒಲೆ ಎಲ್ಲ ತೋರಿಸಿದೆ. ನಾನು ಡಾಕ್ಟರ್ ಅಲ್ಲ, ಆಗುವುದೂ ಇಲ್ಲ ಎಂದು ಹೇಳಿದೆ.

ಅವ್ವ ಫೋನನ್ನು ನೆಲದ ಮೇಲೆ ಬೋರಲು ಹಾಕಿದಳು. ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ.

ಸಾದಿಕಣ್ಣ ಅಂದೇ ಟಿಕೆಟ್ ತೆಗೆಸಿದ. ನಿಮ್ಮೂರು ಗಂಗಾವತಿಯ ಬಿರಿಯಾನಿ ತಿಂದು ಬರುತ್ತೇನೆ ಎಂದು ಅವನಿಗೆ ಚೇಷ್ಟೆ ಮಾಡಿ ಹೊರಟೆ, ಅಳು ಬರಬಾರದೆಂದು. ನಿನಗೆ ಬರೆಯಲಿಲ್ಲ. ಬರೆದರೆ ನೀನು ಧೈರ್ಯ ಹೇಳುತ್ತೀ, ನಾನು ಅದನ್ನೇ ನೆವ ಮಾಡಿಕೊಂಡು ಅಲ್ಲೇ ನಿಲ್ಲುತ್ತೇನೆ ಎಂದು ಭಯವಾಯಿತು.

ಮನೆಯಲ್ಲಿ ಅವ್ವ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಹೋಗೋಣ ನಡಿ ಎಂದು ದಿನಾ ಬೇಡಿದೆ. ಹರಕೆ ಮುರಿದರೆ ನನ್ನ ಓದು ಕೆಡುತ್ತದೆ ಎನ್ನುತ್ತಿದ್ದಳಲ್ಲ, ಕೆಟ್ಟದ್ದು ಕೆಟ್ಟೇ ಹೋಗಿದೆ ಎಂದೂ ಹೇಳಿದೆ. ಮುಖ ಆಚೆ ಮಾಡಿದಳು. ಮೊನ್ನೆ ಮುಂಜಾನೆ ಎದ್ದು ನೋಡಿದರೆ ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು. ಬಸ್ಸಿನಲ್ಲಿ ಹನುಮೇಶನ ಪಕ್ಕ ಕೂತಳು, ನನ್ನ ಪಕ್ಕ ಅಲ್ಲ.

ಇಲ್ಲಿ ಒಬ್ಬ ಹೆಂಗಸು ಡಾಕ್ಟರ್ ಇದ್ದಾರೆ. ಪರದೆ ಎಳೆದು, ಮಲಗಿಸಿ, ನೋಡಲು ಬಂದರು. ಅವ್ವ ಬಲಗೈ ಎತ್ತಿ ಅವರನ್ನು ತಡೆದಳು. ‘ಒಂದು ಗಳಿಗಿ ನಿಂದರ್ರಿ’ ಎಂದಳು. ನಾನು ಪರದೆಯ ಹತ್ತಿರ ನಿಂತಿದ್ದೆ. ನನ್ನ ಮುಖ ನೋಡದೆಯೇ ನನ್ನ ಕೈ ಹಿಡಿದು ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಇವಳೂ ಡಾಕ್ಟರಾ ಎಂದು ಡಾಕ್ಟರ್ ಕೇಳಿದರು.

‘ಅಲ್ರಿ’ ಎಂದಳು ಅವ್ವ. ‘ಮಗಳು.’

ನನ್ನ ಬೆರಳ ಕೆಳಗೆ ಅದು ಇತ್ತು. ಅಲುಗಾಡುತ್ತಿರಲಿಲ್ಲ. ನಾನು ಓದಿದ್ದು ಅರ್ಧವೇ ಇರಬಹುದು, ಆದರೆ ಅಲುಗಾಡದ ಗಂಟೆಂದರೆ ಏನು ಎಂದು ತಿಳಿಯುವಷ್ಟು ಓದಿದ್ದೇನೆ. ಆಗ ಅವ್ವ ನನ್ನ ಮುಖ ನೋಡಿದಳು. ನಾನು ಬಂದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದಳು.

‘ಹೆಂಗೈತಿ?’

ಏನೂ ಇಲ್ಲ ಬಿಡು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

‘ಗಟ್ಟಿ ಐತಿ, ಯವ್ವಾ. ನನಗ ಅಂಜಿಕಿ ಬರಾಕತ್ತೈತಿ.’

‘ನನಗೂ’ ಎಂದಳು ಅವ್ವ.

ಡಾಕ್ಟರ್ ಕೈಗವಸು ಹಾಕಿಕೊಂಡು ಕಾಯುತ್ತ ನಿಂತರು. ಅವ್ವ ಇನ್ನೂ ಸ್ವಲ್ಪ ಹೊತ್ತು ನನ್ನ ಕೈ ಬಿಡಲಿಲ್ಲ.

ನೇತ್ರಾ